ಹೊಳಪಿಗೆ ಹದಿನೆಂಟು ಸಾವಿರ ಯಾಕ?

ಹೊಸಾ ಕಾರ ತಗೊಳ್ಳೋರ ಮನಿ ಹೆಣ್ಮಕ್ಕಳಿಗೆಲ್ಲಾ ನಂದೊಂದು ಮಾತು ಐತಿ. ಶೋರೂಮಿನ್ಯಾಗ ಎಲ್ಲಾ ಲೆಕ್ಕಾ ಮುಗದ ಮ್ಯಾಲ, ಚಹಾ ತರಿಸಿ ಕೊಟ್ಟು, ಇನ್ನೊಂದು ಹಾಳಿ ಮುಂದ ಸರಸ್ತಾರ. "ಇದೊಂದು ಕೋಟಿಂಗ್ ಮಾಡಿಸಿಬಿಡ್ರಿ ಸರ, ಐದು ವರ್ಷ ಗಾಡಿ ಹೊಸಾದು ಇದ್ದಂಗ ಇರತೈತಿ" ಅಂತಾರ. ಆ ಹಾಳಿಗೆ ಸಹಿ ಮಾಡಬ್ಯಾಡ್ರಿ. ಗಂಡಸರು ಪೆನ್ನ ತಗದ್ರ ಕೈ ಹಿಡೀರಿ. ಅವರು ಸಾವಿರಗಟ್ಟಲೆ ಕೇಳೂ ಆ ಕೆಲಸಕ್ಕ ಒಂದು ಸೀಲೆಂಟ್ ಬಾಟ್ಲಿ, ಮೂರು ಛಲೋ ಅರವಿ ಸಾಕು. ನಮ್ಮ ಚೊಳಚಗುಡ್ಡದಂಥಾ ಊರಾಗ ಅಂತೂ ಅದ ಛಲೋ ಅಂತ ನನ್ನ ಅಭಿಪ್ರಾಯ. ಯಾಕಂತ ಹೇಳ್ತೀನಿ, ಒಂದೀಟು ಕುಂತು ಓದ್ರಿ.

ಉಪ್ಪಿನಕಾಯಿ, ಸಂಡಿಗಿ ಬರಿಯಾಕಿಗೆ ಕಾರಿನ ಉಸಾಬರಿ ಯಾಕ ಬೇಕಿತ್ತು ಅಂತೀರಿ, ಗೊತ್ತೈತಿ. ನಮ್ಮ ಮನ್ಯಾಗ ಆರು ವರ್ಷದಿಂದ ಒಂದು ಬಿಳೀ ಕಾರ ಐತಿ. ನಡಸೋರು ನಮ್ಮ ಮನಿಯವರು, ತೊಳಿಯಾಕಿ ನಾನು. ನಿಮ್ಮ ಮನ್ಯಾಗೂ ಹಿಂಗ ಇದ್ದೀತು. ಮುಂಜಾನೆ ಅಂಗಳಾ ಕಸಾ ಹೊಡದು, ನೀರ ಚಿಮುಕಿಸಿ, ರಂಗೋಲಿ ಹಾಕೂ ಹೊತ್ತಿಗೆ "ಅದರ ಮ್ಯಾಲೂ ಒಂದು ಕೊಡಾ ನೀರ ಹಾಕು" ಅಂತ ಹೇಳಿ ಹಲ್ಲ ತಿಕ್ಕಾಕ ಹೋಗ್ತಾರ. ಹಂಗಾಗಿ ಕಾರಿನ ಮೈ ಹೆಂಗೈತಿ, ಎಲ್ಲಿ ಗೀರು ಬಿದ್ದಾವು, ಎಲ್ಲಿ ಬಣ್ಣಾ ಮಾಸೇತಿ ಅನ್ನೂದು ನಮಗ ಗೊತ್ತಿದ್ದಷ್ಟು ಅವರಿಗೆ ಗೊತ್ತಿರಂಗಿಲ್ಲ. ತೊಳಿಯೋರು ನಾವು ಅಂದ ಮ್ಯಾಲ, ಅದಕ್ಕ ಏನ ಹಚ್ಚಬೇಕು ಅನ್ನೂದರಾಗ ನಮ್ಮ ಮಾತೂ ನಡೀಬೇಕು.

ಈ ಸಲ ಈ ವಿಷಯ ಎದ್ದದ್ದು ನಮ್ಮ ನೆಗೆಣ್ಣಿಯಿಂದ. ಮೈದುನ ಟೂರಿಸ್ಟ್ ಗಾಡಿ ಹೊಡೀತಾನ. ಬಾದಾಮಿ ಸ್ಟೇಷನ್ನಿಗೆ ಇಳಿದ ಮಂದೀನ್ನ ಹತ್ತಿಸಿಕೊಂಡು ಮೇಣಬಸದಿ, ಪಟ್ಟದಕಲ್ಲು, ಐಹೊಳಿ ತೋರಿಸಿ, ಬನಶಂಕರಿ ದರ್ಶನಾ ಮಾಡಿಸಿ ವಾಪಸ್ ಬಿಡೂದು ಅವನ ದುಡಿಮಿ. ಹಳೇ ಗಾಡಿ ಕೊಟ್ಟು ಹೊಸಾದು ತಗೊಳ್ಳೂದಾತು. ಮೊದಲು ತುಂಬೂ ರೊಕ್ಕದಾಗ ಒಂದು ಪಾಲು ನೆಗೆಣ್ಣಿ ಸಂಘದಾಗ ಎತ್ತಿದ ಸಾಲ. ಉಳದದ್ದು ಬ್ಯಾಂಕಿಂದು. ಶೋರೂಮಿನವರು ಕೊಟ್ಟ ಹಾಳಿಯೊಳಗ ಕಡೇ ಸಾಲಿನ್ಯಾಗ "ಸಿರಾಮಿಕ್ ಕೋಟಿಂಗ್ 18,000" ಅಂತ ಆಗಲೇ ಬರದಿದ್ರು. ಯಾರೂ ಕೇಳಿದ್ದಿಲ್ಲ, ಅವರ ಬರಕೊಂಡಿದ್ರು. "ಅಕ್ಕಾ, ಇದು ಬೇಕೋ ಬ್ಯಾಡೋ?" ಅಂತ ಆಕಿ ಫೋಟೋ ಕಳಿಸಿದ್ಲು.

ಮೊದಲ ನಾನು ಕೇಳಿದ್ದು ಒಂದ ಪ್ರಶ್ನಿ: ಈ ರೊಕ್ಕಾ ಕೈಯಿಂದ ಕೊಡೂದೋ, ಸಾಲದಾಗ ಸೇರಸೂದೋ? "ಸಾಲದಾಗ ಸೇರತೈತಿ, ನಿಮಗ ಗೊತ್ತೂ ಆಗಂಗಿಲ್ಲ ಅಂದ್ರು" ಅಂದ್ಲು. ಗೊತ್ತಾಗಂಗಿಲ್ಲ ಅನ್ನೂದ ಅದರಾಗಿನ ಗುಟ್ಟು. ಲೆಕ್ಕಾ ಹಾಕ್ರಿ. ನೂರಕ್ಕ 10ರ ಬಡ್ಡಿ, 5 ವರ್ಷದ ಸಾಲ ಅಂತ ಹಿಡದ್ರ, 18,000ಕ್ಕ ತಿಂಗಳಿಗೆ 382 ರೂಪಾಯಿ ಕಂತು ಹೆಚ್ಚಾಗತೈತಿ. 60 ಕಂತು ಮುಗಿಯೂ ಹೊತ್ತಿಗೆ ಕೊಟ್ಟದ್ದು 22,900 ದಾಟಿರತೈತಿ. ಹಚ್ಚಿದ್ದು ಎರಡು ಮೂರು ವರ್ಷಕ್ಕ ಸವದು ಹೋದ್ರೂ ಅದರ ಕಂತು ಮಾತ್ರ ಐದು ವರ್ಷ ಕಟ್ಟಬೇಕು. ಸಂಘದಾಗ ವಾರಾ ವಾರಾ ನೂರು ರೂಪಾಯಿ ಹೊಂದಿಸಿ ತುಂಬೂ ಹೆಣ್ಮಗಳಿಗೆ 382 ಅಂದ್ರ ಸಣ್ಣದಲ್ಲ. ಆಕಿ ಮಗಳು ಬಾಗಲಕೋಟಿ ಹಾಸ್ಟೆಲಿನ್ಯಾಗ ಓದತಾಳ. ತಿಂಗಳಾ ಬಸ್ಸಿಗೆ, ಪುಸ್ತಕಕ್ಕ ಅಷ್ಟ ಬೇಕಾಗತೈತಿ.

ಅದಿರಲಿ, ರೊಕ್ಕದ ಮಾತು ಬಿಟ್ಟು ಹಚ್ಚೂ ವಸ್ತುವಿನ ಮಾತಿಗೆ ಬರೂಣು. ಯಾಕಂದ್ರ ಗಂಡಸರು "ನಿಮಗೇನು ತಿಳೀತೈತಿ, ಅದು ಬಣ್ಣಾ ಕಾಯತೈತಿ" ಅಂತಾರ. ಏನ ಕಾಯತೈತಿ, ಯಾವುದರಿಂದ ಕಾಯತೈತಿ?

ಕಾರಿನ ತಗಡಿನ ಮ್ಯಾಲ ಮೊದಲ ಪ್ರೈಮರ್, ಅದರ ಮ್ಯಾಲ ಬಣ್ಣಾ, ಹೆಚ್ಚಿನ ಗಾಡಿಗೆ ಅದರ ಮ್ಯಾಲ ಬಣ್ಣಿಲ್ಲದ ಒಂದು ಪದರು ಇರತೈತಿ. ಅದಕ್ಕ ಕ್ಲಿಯರ್ ಕೋಟ್ ಅಂತಾರ. ಕಣ್ಣಿಗೆ ಹೊಳಪು ಕಾಣೂದು ಅದರದು. ಅದರ ದಪ್ಪ ಸುಮಾರು 40-50 ಮೈಕ್ರಾನ್. ನಮ್ಮ ತಲಿಗೂದಲು ಸುಮಾರು 70 ಮೈಕ್ರಾನ್ ದಪ್ಪ ಇರತೈತಿ. ಅಂದ್ರ ಕೂದಲಿಗಿಂತ ತೆಳುವು. ಅಷ್ಟರಾಗ ಗಾಡಿ ಇರೂತನಕಾ ಬಾಳಬೇಕು. ಒಮ್ಮೆ ಸವದ್ರ ಮತ್ತ ಬೆಳಿಯೂ ವಸ್ತು ಅಲ್ಲ ಅದು.

ಅದಕ್ಕ ವೈರಿ ಯಾರಂದ್ರ ನಮ್ಮೂರ ಧೂಳು. ಬಾದಾಮಿ ಗುಡ್ಡ ಪೂರಾ ಉಸುಕುಗಲ್ಲು. ಗವಿ ಕೊರದದ್ದು ಅದರಾಗ, ಪಟ್ಟದಕಲ್ಲಿನ ಗುಡಿ ಕಟ್ಟಿದ್ದೂ ಅಂಥಾದ್ದರಾಗ. ಆ ಕಲ್ಲು ಉದುರಿದ್ರ ಆಗೂದು ಉಸುಕು, ಉಸುಕು ಪುಡಿ ಆದ್ರ ನಮ್ಮ ಕಟ್ಟಿ ಮ್ಯಾಲ, ಕಾರಿನ ಮ್ಯಾಲ ಕುಂದ್ರೂ ಕೆಂಪು ಧೂಳು. ಅದರಾಗಿನ ಕಾಳು ಕ್ವಾರ್ಟ್ಜ್, ಅಂದ್ರ ಬೆಣಚುಕಲ್ಲಿನ ಜಾತಿ. ಕಲ್ಲಿನ ಗಟ್ಟಿತನಾ ಅಳಿಯಾಕ ಮೋಸ್ ಅಂತ ಒಂದು ಅಳತಿ ಐತಿ. ಅದರಾಗ ವಜ್ರಕ್ಕ 10, ಕ್ವಾರ್ಟ್ಜಿಗೆ 7, ಚಾಕುವಿನ ಉಕ್ಕಿಗೆ ಸುಮಾರು ಐದೂವರೆ. ಇಷ್ಟೆಲ್ಲಾ ಅಂಕಿ ಬ್ಯಾಡಾದ್ರ ನಮ್ಮ ಅತ್ತಿಯವರು ಕುಡಗೋಲು ಎಲ್ಲಿ ಮಸೀತಿದ್ರು ನೆನಪ ಮಾಡ್ಕೋರಿ. ಹಿತ್ತಲದಾಗಿನ ಇದ ಕೆಂಪು ಕಲ್ಲಿನ ಮ್ಯಾಲ. ಕಬ್ಬಿಣಾ ತಿನ್ನೂ ಕಲ್ಲದು. ಅದ ಕಲ್ಲಿನ ಪುಡಿ ಕಾರಿನ ಮ್ಯಾಲ ಕುಂತಿರತೈತಿ, ನಮ್ಮ ಮನಿಯವರು ಹಳೇ ಬನೀನು ತಗೊಂಡು ಒಣಾ ಒಣಾ ಒರಸ್ತಾರ!

ಬಿಸಲಾಗ ಒಮ್ಮೆ ಬಾನೆಟ್ಟಿನ ಮ್ಯಾಲ ಓರೀಲೆ ನೋಡ್ರಿ. ಜೇಡರಹುಳದ ಬಲಿಯಂಗ ದುಂಡು ದುಂಡು ಗೀರು ಕಾಣತಾವು. ಯಾರೋ ಹುಡುಗರು ಗೀರ್‍ಯಾರಂತಲ್ಲ. ಅವು ಒರಸಿದ ಗೀರು, ದಿನಾ ಮುಂಜಾನೆ ಪ್ರೀತಿಲೆ ಒರಸಿದ್ದು. ಬನದ ಹುಣ್ಣಿಮಿ ಜಾತ್ರಿ ಬಂತಂದ್ರ ಕೇಳೂದ ಬ್ಯಾಡ. ತಿಂಗಳಾನುಗಟ್ಟಲೆ ಬಸ್ಸು, ಟ್ರ್ಯಾಕ್ಟರು, ಚಕ್ಕಡಿ, ನಾಟಕ ಕಂಪನಿ ಮಂದಿ; ಊರ ಮ್ಯಾಲ ಕೆಂಪು ಮೋಡಾ ನಿಂತಂಗ ಇರತೈತಿ. ಆ ತಿಂಗಳದಾಗ ಒಣಾ ಒರಸಿ ಹಾಳಾದಷ್ಟು ಕಾರು ಉಳದ ಹನ್ನೊಂದು ತಿಂಗಳದಾಗ ಹಾಳಾಗಂಗಿಲ್ಲ.

ಈಗ ಕೇಳ್ರಿ, ಹದಿನೆಂಟು ಸಾವಿರದ ಕೋಟಿಂಗು ಈ ಒಣಾ ಒರಸೂದರಿಂದ ಕಾಯತೈತೇನು? ಕಾಯಂಗಿಲ್ಲ. ಶೋರೂಮಿನ ಹುಡುಗ "ಇದು ನೈನ್ ಎಚ್ ಗಟ್ಟಿ ಮೇಡಂ, ವಜ್ರದ ಕೆಳಗ ಇದ" ಅಂದನಂತ ನಮ್ಮ ನೆಗೆಣ್ಣಿಗೆ. ಆ 9ಎಚ್ ಅನ್ನೂದು ಪೆನ್ಸಿಲಿನ ಅಳತಿ. ಚಿತ್ರಾ ಬರಿಯೂ ಪೆನ್ಸಿಲಿನ್ಯಾಗ ಎಚ್‌ಬಿ, 2ಎಚ್ ಅಂತ ಇರತಾವಲ್ಲ, ಅದರಾಗ ಗಟ್ಟಿ ಪೆನ್ಸಿಲಿಂದ ಗೀರಿದ್ರೂ ಗೀರು ಬೀಳಂಗಿಲ್ಲ ಅಂತ ಅರ್ಥ. ಕಲ್ಲಿನ ಅಳತಿಯ 9 ಬ್ಯಾರೆ, ಪೆನ್ಸಿಲಿನ 9 ಬ್ಯಾರೆ. ಬಾದಾಮಿ ಉಸುಕಿನ ಮುಂದ ಯಾವ ಪೆನ್ಸಿಲೂ ನಿಲ್ಲಂಗಿಲ್ಲ. ಎರಡೂ 9 ಒಂದ ಅನ್ನೂಹಂಗ ಹೇಳೂದು ವ್ಯಾಪಾರದ ಜಾಣತನ, ಅಷ್ಟ.

ಇನ್ನೊಂದು ಹೆಸರು ಕೇಳಿರತೀರಿ, ಟೆಫ್ಲಾನ್ ಕೋಟಿಂಗ್. ನಮ್ಮ ಕಡೆ ಕಾರಿಗೆ ಏನ ಹಚ್ಚಿದ್ರೂ ಟೆಫ್ಲಾನ್ ಅಂತಾರ. ಇದು ನಮ್ಮ ಅಡಗಿಮನಿ ವಸ್ತು, ಇದರಾಗ ನಮ್ಮನ್ನ ಯಾಮಾರಸೂದು ಕಠಿಣ. ನಾನ್‌ಸ್ಟಿಕ್ ತವಾದ ಕರೀ ಪದರು ಅದ. 1938ರಾಗ ಅಮೆರಿಕಾದ ರಾಯ್ ಪ್ಲಂಕೆಟ್ ಅನ್ನೂ ರಸಾಯನಶಾಸ್ತ್ರದವರ ಕೈಯಾಗ, ಬ್ಯಾರೆ ಏನೋ ಮಾಡಾಕ ಹೋಗಿ ಆಕಸ್ಮಿಕ ಹುಟ್ಟಿದ್ದು. ಅದರ ಗುಣಾ ಏನು? ಯಾವುದೂ ಅದಕ್ಕ ಅಂಟಂಗಿಲ್ಲ. ಯಾವುದೂ ಅಂಟದ ವಸ್ತು ತಾನಾದ್ರೂ ತವಾಕ್ಕ ಹೆಂಗ ಅಂಟೀತು? ಕಾರ್ಖಾನ್ಯಾಗ ತವಾದ ಮೈ ಒರಟ ಮಾಡಿ, ಅದನ್ನ ಬಳದು, ಭಟ್ಟಿಯೊಳಗ ಬೇಯಿಸಿ ಕುಂದ್ರಸ್ತಾರ. ಅದು ಕರಗೂದ 327 ಡಿಗ್ರಿಗೆ. ಬೇಯಸೂದು ಅದಕ್ಕಿಂತ ಹೆಚ್ಚಿನ ಕಾವಿನ್ಯಾಗ. ಕಾರಿಗೆ ಅಷ್ಟು ಕಾವು ಕೊಟ್ರ ಬಣ್ಣಾ ಸುಟ್ಟು ಬೂದಿ ಆಗತೈತಿ. ಅಂದ ಮ್ಯಾಲ ಕೈಲೆ ತಿಕ್ಕಿದ ಪೇಸ್ಟಿನ್ಯಾಗ ಟೆಫ್ಲಾನಿನ ಪುಡಿ ಇದ್ರೂ ತವಾಕ್ಕ ಹತ್ತಿದಂಗ ಕಾರಿಗೆ ಹತ್ತಂಗಿಲ್ಲ. ಆ ಪೇಸ್ಟಿನಿಂದ ಹೊಳಪು ಬಂದ್ರ ಅದು ಅದರಾಗಿನ ಮೇಣದ್ದೋ, ಬ್ಯಾರೆ ಪಾಲಿಮರಿಂದೋ ಇರತೈತಿ. ತವಾದ ಹೆಸರಿಗೆ ನಾವು ರೊಕ್ಕಾ ಕೊಡೂದು.

ಮೇಣದ ಸುದ್ದಿ ಬಂತಲ್ಲ. (ಮೇಣಬಸದಿಗೂ ಇದಕ್ಕೂ ಸಂಬಂಧ ಇಲ್ಲ, ನಗಬ್ಯಾಡ್ರಿ.) ಕಾರ್ನೌಬಾ ಅಂತ ಬ್ರೆಜಿಲ್ ದೇಶದ ಒಂದು ತಾಳಿ ಜಾತಿ ಗಿಡದ ಎಲಿಯಿಂದ ತಗದ ಮೇಣ. ಹಚ್ಚಿದ ದಿನಾ ಭಾರೀ ಚಂದ ಕಾಣತೈತಿ, ತುಪ್ಪಾ ಸವರಿದ ಹೋಳಿಗಿಯಂಗ. ಆದ್ರ ನಮ್ಮ ಏಪ್ರಿಲ್, ಮೇ ಬಿಸಲಿಗೆ, ವಾರಕ್ಕೊಮ್ಮೆ ತೊಳಿಯೂದಕ್ಕ ಒಂದೆರಡು ತಿಂಗಳಿಗಿಂತ ಹೆಚ್ಚು ತಾಳಂಗಿಲ್ಲ. ಪ್ರದರ್ಶನಕ್ಕ ಇಡೂ ಗಾಡಿಗೆ ಸರಿ, ದುಡಿಯೂ ಗಾಡಿಗೆ ಅಲ್ಲ.

ಸೀಲೆಂಟ್ ಅಂದ್ರ ಈ ಮೇಣದ ಕೆಲಸಾನ ಮಾಡಾಕ ಕಾರ್ಖಾನ್ಯಾಗ ತಯಾರು ಮಾಡಿದ ಪಾಲಿಮರ್. ಹಾಲಿನಂಗ, ಇಲ್ಲಾ ತೆಳು ಮೊಸರಿನಂಗ ಇರತೈತಿ. ಹಚ್ಚಿ ಬಿಟ್ರ ಬಣ್ಣದ ಮ್ಯಾಲ ಹಿಡದು ಕುಂದ್ರತೈತಿ. ನಾಕು ತಿಂಗಳು ಧಾರಾಳ, ನೆರಳಿನ್ಯಾಗ ನಿಲ್ಲೂ ಗಾಡಿಗೆ ಆರು ತಿಂಗಳು. ಇದೂ ಉಸುಕಿನ ಗೀರು ತಡಿಯಂಗಿಲ್ಲ, ಅದನ್ನ ಮೊದಲ ಹೇಳಿಬಿಡ್ತೀನಿ. ಏನ ಮಾಡತೈತಿ ಅಂದ್ರ, ಮೈ ನುಣುಪ ಮಾಡತೈತಿ. ಧೂಳು ಅಂಟಿ ಕುಂದ್ರಂಗಿಲ್ಲ, ನೀರ ಹಾಕಿದ್ರ ಸರಕ್ಕನ ಜಾರಿ ಹೋಗತೈತಿ. ಹಂಗಾಗಿ ತಿಕ್ಕೂದು ಕಡಿಮಿ ಆಗತೈತಿ, ತಿಕ್ಕೂದು ಕಡಿಮಿ ಆದ್ರ ಗೀರು ಕಡಿಮಿ. ನಮ್ಮ ಕೈನೋವೂ ಕಡಿಮಿ, ಅದನ್ನ ಯಾವ ಶೋರೂಮಿನವರೂ ಹಾಳಿಯೊಳಗ ಬರಿಯಂಗಿಲ್ಲ. ಬೇವಿನಗಿಡದ ಕೆಳಗ ನಿಂತ ಗಾಡಿಗೆ ಕಾಗಿ, ಗೊರವಂಕ ಹೇತ ಹಿಕ್ಕಿ ಬೀಳತೈತಲ್ಲ, ಅದರಾಗಿನ ಆಮ್ಲ ಬಿಸಲಿಗೆ ಬಣ್ಣಾ ತಿನ್ನತೈತಿ. ಸೀಲೆಂಟ್ ಇದ್ರ ಅದಕ್ಕ ತಡಾ ಆಗತೈತಿ, ಒದ್ದಿ ಅರವಿ ಇಟ್ಟು ನೆನಸಿ ತಗದ್ರ ಕಲಿ ಉಳಿಯಂಗಿಲ್ಲ. ತಡಾ ಅಂದ್ನಿ, ಪೂರಾ ಬಿಡುಗಡಿ ಅಲ್ಲ. ಸಂಜಿತನಕಾ ಬಿಟ್ರ ಯಾವ ಕೋಟಿಂಗೂ ಉಳಸಂಗಿಲ್ಲ.

ಸಿರಾಮಿಕ್ ಪೂರಾ ಸುಳ್ಳ ಅಂತ ನಾ ಹೇಳೂದಿಲ್ಲ. ಸರಿಯಾಗಿ ಹಚ್ಚಿದ್ದು ಸೀಲೆಂಟಿಗಿಂತ ಭಾಳ ದಿನಾ ಬಾಳತೈತಿ, ಹಿಕ್ಕಿ, ಸವಳು ಇಂಥಾವಕ್ಕ ಹೆಚ್ಚು ತಡೀತೈತಿ. ಬೆಂಗಳೂರಾಗ ನೆಲಮಾಳಗಿಯೊಳಗ ಗಾಡಿ ನಿಲ್ಲಸೋರು, ಕೈಯಾಗ ರೊಕ್ಕಾ ಇದ್ದೋರು ಮಾಡಿಸ್ಕೊಳ್ಳಿ, ನನ್ನದೇನೂ ತಕರಾರಿಲ್ಲ. ಆದ್ರ ಅದನ್ನ ಮಾಡಿಸಿದವರೂ ಒಣಾ ಒರಸೂದು ಬಿಡಬೇಕು, ಹಿಕ್ಕಿ ಬಿದ್ದ ಕೂಡಲೆ ತೊಳೀಬೇಕು. ಮ್ಯಾಲ "ಗ್ಯಾರಂಟಿ ಉಳೀಬೇಕಂದ್ರ ಆರು ತಿಂಗಳಿಗೊಮ್ಮೆ ಇಲ್ಲೇ ಬಂದು ರೊಕ್ಕಾ ಕೊಟ್ಟು ಮೇಂಟೆನೆನ್ಸ್ ಮಾಡಿಸಬೇಕು" ಅಂತ ಸಣ್ಣ ಅಕ್ಷರದಾಗ ಇತ್ತು, ನೆಗೆಣ್ಣಿ ಕಳಿಸಿದ ಹಾಳಿಯ ಹಿಂದ. ಚೊಳಚಗುಡ್ಡದಿಂದ ಶಹರಕ್ಕ ಹೋಗಿ ಬರೂ ಎಣ್ಣಿ, ಒಂದು ದಿನದ ಬಾಡಿಗಿ ಕಳಕೊಂಡದ್ದು, ಅದ್ಯಾರು ಕೊಡತಾರ?

ಜಾತ್ರ್ಯಾಗ ನಾವು ಕಟ್ಟಿಗಿ ಬಾಗಲಾ, ಚೌಕಟ್ಟು ತಗೋತೀವಿ. ದೂರ ದೂರದಿಂದ ಮಂದಿ ಬನಶಂಕರಿಗೆ ಬಾಗಲಾ ಕೊಳ್ಳಾಕಂತ ಬರತಾರ. ಪಾಲಿಶ್ ಮಾಡಿದ ಬಾಗಲಾ ಎರಡು ಮೂರು ವರ್ಷಕ್ಕ ಮಂಕಾಗತೈತಿ, ಮತ್ತ ಮನ್ಯಾಗ ಹಚ್ಚಿಸ್ತೀವಿ. ಬಾಗಲಾ ಕೊಡೋನು ಐದು ವರ್ಷ ಹೊಳೀತೈತಿ ಅಂತ ಹಾಳಿ ಬರಕೊಟ್ಟು ಹದಿನೆಂಟು ಸಾವಿರ ಹೆಚ್ಚಿಗಿ ಕೇಳಿದ್ರ ನಾವು ನಕ್ಕು ಮುಂದ ಹೋಗ್ತಿದ್ವಿ. ಕಾರಿನ ಅಂಗಡ್ಯಾಗ ಏಸಿ ಇರತೈತಂತ ಸುಮ್ಮನ ಕುಂದ್ರತೀವಿ.

ಇನ್ನ ಹಳೇ ಗಾಡಿ ಇದ್ದೋರು ಒಂದು ತಿಳ್ಕೋಬೇಕು. ಮಾಸಿದ ಬಣ್ಣದ ಮ್ಯಾಲ ಸೀಲೆಂಟ್ ಹಚ್ಚಿದ್ರ ಹೊಸಾದು ಆಗಂಗಿಲ್ಲ. ಇಳಕಲ್ಲದ ಕೆಂಪು ಗ್ರಾನೈಟ್ ಹೆಂಗ ಹೊಳೀತೈತಿ? ಅದರ ಮ್ಯಾಲ ಏನೋ ಬಳದದ್ದಕ್ಕ ಅಲ್ಲ. ಮೊದಲ ದಪ್ಪ ಕಲ್ಲಿನಿಂದ, ಆಮ್ಯಾಲ ಸಣ್ಣದು, ಇನ್ನೂ ಸಣ್ಣದು ಹಿಂಗ ತಿಕ್ಕಿ ತಿಕ್ಕಿ ಮೈ ಸಪಾಟ ಮಾಡಿದ್ದಕ್ಕ. ಕಾರಿನ ಪಾಲಿಶ್ ಅನ್ನೂದೂ ಹಂಗ, ಗೀರಿನ ಅಂಚು ಸವಸೂ ಕೆಲಸ. ಒಂದೊಂದು ಸಲ ಪಾಲಿಶ್ ಮಾಡಿದಾಗೂ ಆ ಕೂದಲಿಗಿಂತ ತೆಳು ಪದರಿನ್ಯಾಗ ಚೂರು ಹೋಗತೈತಿ. ಗ್ರಾನೈಟ್ ಗೇಣು ದಪ್ಪ ಇದ್ದೀತು, ಕಾರಿನ ಪದರು ಹಂಗಲ್ಲ. ಅದಕ್ಕ ಹತ್ತು ವರ್ಷದ ಗಾಡಿಗೆ ತಿಳದ ಕೈಯಿಂದ ಒಮ್ಮೆ ಪಾಲಿಶ್ ಮಾಡಿಸಿ ಆಮ್ಯಾಲ ಸೀಲೆಂಟ್ ಹಚ್ಚರಿ, ಹೊಸಾ ಗಾಡಿಗೆ ಪಾಲಿಶ್ ಬ್ಯಾಡ. ಅಂಗಡ್ಯಾಗ ಬಾಟ್ಲಿ ತಗೊಳ್ಳುವಾಗೂ ಇದನ್ನ ನೋಡಬೇಕು. "ರಬ್ಬಿಂಗ್ ಕಾಂಪೌಂಡ್", "ಕ್ಲೀನರ್ ವ್ಯಾಕ್ಸ್" ಅಂತಿದ್ರ ಅದರಾಗ ತಿಕ್ಕೂ ಪುಡಿ ಇರತೈತಿ. "ಪೇಂಟ್ ಸೀಲೆಂಟ್", "ಸಿಂಥೆಟಿಕ್", "ಪಾಲಿಮರ್" ಅಂತಿದ್ದದ್ದು ನಮಗ ಬೇಕಾದ್ದು. ತ್ರೀಎಂ, ಟರ್ಟಲ್ ವ್ಯಾಕ್ಸ್, ಮೆಗ್ವಾಯರ್ಸ್, ಸೋನಾಕ್ಸ್ ಇಂಥಾ ಹೆಸರಿನಾವು ಸಿಗತಾವು. ಹೆಸರಿಗಿಂತ ಬಾಟ್ಲಿ ಮ್ಯಾಲ ಏನು ಬರದೈತಿ ಅನ್ನೂದು ದೊಡ್ಡದು. ಈಗ ಸಿರಾಮಿಕ್ ಸ್ಪ್ರೇ ಅಂತ ಸಣ್ಣ ಬಾಟ್ಲಿನೂ ಬಂದಾವು. ಅವೂ ಸೀಲೆಂಟಿನ ತಮ್ಮಂದಿರು, ಹಚ್ಚೂದು ಸಸಾರ. ನಾ ತರಿಸಿದ ಸೀಲೆಂಟ್ ಅರ್ಧ ಲೀಟರಿಗೆ ಚೂರು ಕಡಿಮಿ ಇರೂ ಬಾಟ್ಲಿ, 900 ರೂಪಾಯಿ. ಒಂದು ಸಲಕ್ಕ 30 ಮಿಲಿ ಹಿಡೀತೈತಿ. ಹದಿನೈದು ಸಲ ಬರತೈತಿ ಅಂದ್ರ ಐದು ವರ್ಷದ ದಗದ. ಅರವಿ, ಕಾರಿನ ಶಾಂಪೂ ಕೂಡಿಸಿ ಒಂದೂವರೆ ಸಾವಿರದಾಗ ಮುಗೀತು.

ಹಚ್ಚೂದು ಹೆಂಗ? ಉಪ್ಪಿನಕಾಯಿ ಹಾಕಿದಷ್ಟೂ ಕಷ್ಟಿಲ್ಲ, ಆದ್ರ ಅವಸರಾ ನಡಿಯಂಗಿಲ್ಲ. ಮೊದಲ ಗಾಡಿಗೆ ನೀರ ಸುರಿದು ಧೂಳೆಲ್ಲಾ ಇಳಿಸಬೇಕು. ಕೈ ಹಚ್ಚೂಕಿಂತ ಮೊದಲ ಉಸುಕು ಹೋಗಬೇಕು, ಇದನ್ನ ಬಿಟ್ರ ಮುಂದಿಂದೆಲ್ಲಾ ದಂಡ. ಎರಡು ಬಕೀಟ ಇಟ್ಕೋರಿ, ಒಂದರಾಗ ಶಾಂಪೂ ನೀರ, ಇನ್ನೊಂದರಾಗ ಬರೇ ನೀರ; ಅರವಿ ಮೊದಲ ಬರೇ ನೀರಾಗ ಅದ್ದಿ ಜಾಲಿಸಿ, ಆಮ್ಯಾಲ ಶಾಂಪೂದಾಗ ಅದ್ದಬೇಕು. ಮ್ಯಾಲಿಂದ ಕೆಳಗ ತೊಳೀರಿ, ಗಾಲಿ ಕಡೆಗೆ ಹೋದ ಅರವಿ ಮತ್ತ ಬಾನೆಟ್ಟಿಗೆ ಬರಬಾರದು. ಅರವಿ ಒಗಿಯೂ ಪುಡಿ, ಭಾಂಡೆ ಸಾಬೂನು ಹಾಕಬ್ಯಾಡ್ರಿ, ಹಚ್ಚಿದ್ದು ಕಿತ್ತು ಬರತೈತಿ. ಕೆಲವರು ಸೀಮಿಎಣ್ಣಿ, ಡೀಸೆಲ್ ಅರವಿಗೆ ಹಾಕಿ ಒರಸ್ತಾರ, ಒಂದು ತಾಸು ಮಿಂಚಿ ಆಮ್ಯಾಲ ಊರ ಧೂಳೆಲ್ಲಾ ಜಗ್ಗಿ ಹಿಡಕೋತೈತಿ. ನಮ್ಮ ಮೈದುನನೂ ಅದರಾಗ ಪ್ರವೀಣ, ಅವನಿಗೆ ಇದನ್ನ ತಿಳಿಸಿ ಹೇಳಾಕ ಎರಡು ವರ್ಷ ಹಿಡೀತು.

ತೊಳದ ಮ್ಯಾಲ ಕೈಗೆ ಒಂದು ತೆಳು ಪ್ಲಾಸ್ಟಿಕ್ ಚೀಲಾ ಹಾಕ್ಕೊಂಡು ಬಣ್ಣದ ಮ್ಯಾಲ ಮೆಲ್ಲಕ ಆಡಿಸಿ ನೋಡ್ರಿ. ಬರೇ ಕೈಗೆ ಹತ್ತದ ಒರಟು ಚೀಲದಾಗಿಂದ ಗೊತ್ತಾಗತೈತಿ. ಗರಗರ ಅಂದ್ರ ಇನ್ನೂ ಏನೋ ಅಂಟೇತಿ ಅಂತ ಅರ್ಥ, ಮತ್ತೊಮ್ಮೆ ತೊಳೀಬೇಕು. ನುಣ್ಣಗಿದ್ರ ಒಣಾ ಮಾಡಿ, ಗಾಡಿ ನೆರಳಿಗೆ ತಂದು, ತಗಡು ತಣ್ಣಗಾದ ಮ್ಯಾಲ ಹಚ್ಚರಿ. ಸ್ಪಂಜಿಗೆ ಪುಟಾಣಿಕಾಳಿನಷ್ಟು ಮೂರು ನಾಕು ಹನಿ, ಒಂದು ಸಲಕ್ಕ ಒಂದು ಬಾಗಲಾ, ಇಲ್ಲಾ ಅರ್ಧ ಬಾನೆಟ್ಟು. ತೆಳುವು ಹಚ್ಚಬೇಕು. ದಪ್ಪ ಹಚ್ಚಿದ್ರ ಹೆಚ್ಚು ಕಾಯತೈತಿ ಅನ್ನೂದು ಸುಳ್ಳು, ಒರಸೂ ಕೆಲಸಾ ಹೆಚ್ಚಾಗತೈತಿ ಅಷ್ಟ. ಹತ್ತು ಹದಿನೈದು ನಿಮಿಷಕ್ಕ ಮಬ್ಬ ಆಗತೈತಿ, ಸುಣ್ಣಾ ಒಣಗಿದಂಗ. ಅವಾಗ ಹೊಸಾ ಮೈಕ್ರೋಫೈಬರ್ ಅರವಿಲೆ ಮೆಲ್ಲಕ ತಗೀರಿ. ಕರೀ ಪ್ಲಾಸ್ಟಿಕ್ಕಿಗೆ ಹತ್ತಬಾರದು, ಬಿಳೀ ಕಲಿ ಕುಂದ್ರತೈತಿ. ಆಮ್ಯಾಲ ಒಂದು ರಾತ್ರಿ ನೀರ ತಾಗಿಸಬಾರದು. ಅಂಗಳಕ್ಕ ನೀರ ಹೊಡಿಯುವಾಗ ಗಾಡಿ ಕಡೆ ಸಿಡೀದಂಗ ನೋಡ್ಕೋಬೇಕು, ಆ ಕೆಲಸಾ ಹೆಂಗೂ ನಮ್ಮ ಕೈಯಾಗ ಐತಿ.

ಹಚ್ಚಿದ ಮ್ಯಾಲ ನೀರ ಹಾಕಿ ನೋಡ್ರಿ, ತಾವರಿ ಎಲಿ ಮ್ಯಾಲ ನಿಂತಂಗ ಮುತ್ತು ಮುತ್ತಾಗಿ ನಿಲ್ಲತೈತಿ. ಎಲ್ಲಾರೂ ಇದನ್ನ ನೋಡಿ ಖುಷಿ ಪಡತಾರ, ವಿಡಿಯೋ ಮಾಡತಾರ. ನಮ್ಮ ಬೋರಿನ ನೀರಿಗೆ ಇದ ಒಂದು ತೊಂದರಿ. ಸವಳ ನೀರ ಮುತ್ತಾಗಿ ನಿಂತಲ್ಲೇ ಆರಿದ್ರ ಒಂದೊಂದು ಮುತ್ತಿನ ಜಾಗಾದಾಗ ಒಂದೊಂದು ಬಿಳೀ ಉಂಗುರ ಬೀಳತೈತಿ, ಸ್ಟೀಲ್ ನಳದ ಮ್ಯಾಲ ಕುಂತ ಸುಣ್ಣದಂಗ. ಹೊಳಪಿಗಂತ ಹಚ್ಚಿ ಮೈತುಂಬ ಚುಕ್ಕಿ ಮಾಡಿಕೊಂಡ ಗಾಡಿ ನಾ ನೋಡೀನಿ. ಅದಕ್ಕ ತೊಳದ ಕೂಡಲೆ ಬಿಸಲಿಗೆ ಬಿಡದ ನೀರ ಹೀರೂ ಅರವಿಲೆ ಒತ್ತಿ ಒತ್ತಿ ತಗೀಬೇಕು. ಮಳಿನೀರ ಹಿಡದಿಟ್ಟದ್ದು ಇದ್ರ ಕಡೀ ನೀರ ಅದನ್ನ ಹಾಕ್ರಿ. ಮೊದಲ ಬಿದ್ದ ಚುಕ್ಕಿ ಇದ್ರ ವಿನಿಗರಿಗೆ ನೀರ ಕೂಡಿಸಿ ತೆಳು ಮಾಡಿ ಒರಸಿ, ಛಲೋತ್ನಂಗ ತೊಳದು, ಆಮ್ಯಾಲ ಸೀಲೆಂಟ್. ಮುಂದ ಯಾವಾಗರೆ ನೀರ ಮುತ್ತಾಗದ ಚಪ್ಪಟಿ ಹರದು ನಿಂತ್ರ ಹಚ್ಚಿದ್ದು ತೀರೇತಿ ಅಂತ ತಿಳ್ಕೋರಿ.

ವರ್ಷಕ್ಕ ಮೂರು ಸಲ ಅಂದ್ನಿ. ನನ್ನ ಲೆಕ್ಕಾ ಹಬ್ಬದ ಮ್ಯಾಲ ನಡೀತೈತಿ. ದೀಪಾವಳಿ ಮುಗದ ಮ್ಯಾಲ ಒಮ್ಮೆ, ಯಾಕಂದ್ರ ಮಳಿ ಹೋಗಿ ಧೂಳೇಳೂ ದಿನಾ ಸುರುವಾಗಿ ಮುಂದ ಜಾತ್ರಿ ಬರತೈತಿ. ಹೋಳಿ ಹುಣ್ಣಿಮಿ ಮುಂದ ಒಮ್ಮೆ. ಬಾಗಲಕೋಟಿ ಬಣ್ಣದಾಟ ನೋಡಿದವರಿಗೆ ಯಾಕಂತ ಹೇಳಬೇಕಾಗಿಲ್ಲ. ಮತ್ತ ಮುಂಗಾರಿ ಮಳಿಗಿಂತ ಮೊದಲ ಒಮ್ಮೆ. ಹೊಸಾ ಗಾಡಿ ಆದ್ರ ಬನಶಂಕರಿ ಗುಡಿ ಮುಂದ ಪೂಜಿ ಮಾಡಸೂಕಿಂತ ಮೊದಲ ಹಚ್ಚಿಬಿಡ್ರಿ. ಪೂಜಿ ಆದ ಮ್ಯಾಲ ಒದ್ದಿ ಕುಂಕುಮ, ಅರಿಷಣ ಬಾನೆಟ್ಟಿನ ಮ್ಯಾಲ ವಾರಗಟ್ಟಲೆ ಬಿಡತಾರ, ಅಳಿಸಿದ್ರ ಅಪಶಕುನ ಅಂತ. ಬಿಳೀ ಗಾಡಿ ಮ್ಯಾಲ ಬಿಸಲಿಗೆ ಅದರ ಬಣ್ಣಾ ಇಳದು ಕುಂದ್ರತೈತಿ. ದೇವಿ ಹೆಸರು ಹೇಳಿ ಮರುದಿನಾ ನೀರ ಹಾಕಿದ್ರ ತಾಯಿ ಸಿಟ್ಟಾಗಂಗಿಲ್ಲ ಅಂತ ನಮ್ಮ ಅತ್ತಿಯವರ ಹೇಳ್ಯಾರ; ನಾ ಅವರ ಮಾತು ಮೀರೂದಿಲ್ಲ.

ನೆಗೆಣ್ಣಿ ಶೋರೂಮಿಗೆ ತಾನ ಫೋನ್ ಮಾಡಿ "ಆ ಸಾಲು ತಗೀರಿ" ಅಂದ್ಲು. "ತಗದ್ರ ಗಾಡಿ ಬರೂದು ತಡಾ ಆದೀತು" ಅಂದ್ರಂತ. "ಆಗಲಿ ಬಿಡ್ರಿ" ಅಂದ್ಲು. ಎರಡು ದಿನಕ್ಕ ಹೊಸಾ ಹಾಳಿ ಬಂತು, 18,000 ಇರಲಿಲ್ಲ. ಗಾಡೀನೂ ಹೇಳಿದ ದಿನಾನ ಕೊಡತೀವಂದ್ರು. ನೀವೂ ಕೇಳುವಾಗ ಸಿಟ್ಟಿಗೇಳಬೇಕಾಗಿಲ್ಲ. ಹಚ್ಚೂ ವಸ್ತುವಿನ ಹೆಸರೇನು, ಎಷ್ಟು ತಿಂಗಳು, ಬಿಲ್ಲಿನ್ಯಾಗ ಬ್ಯಾರೆ ಬರೀತೀರೇನು, ಇಷ್ಟು ಕೇಳಿದ್ರ ಅರ್ಧ ಮಂದಿ ತಾವ ಹಾಳಿ ಹಿಂದಕ್ಕ ಜಗ್ಗತಾರ.

ಅರವಿ ಬಗ್ಗೆ ಒಂದು ಹೇಳೂದು ಉಳೀತು. ಮೈಕ್ರೋಫೈಬರ್ ಅರವಿ ಬ್ಯಾರೆ ಅರವಿ ಜೋಡಿ ಒಗೀಬ್ಯಾಡ್ರಿ, ಹತ್ತಿ ಎಳಿ ಹಿಡಕೋತೈತಿ. ನೆಲಕ್ಕ ಬಿದ್ದ ಅರವಿ ಮತ್ತ ಗಾಡಿಗೆ ಹಚ್ಚಬ್ಯಾಡ್ರಿ, ಒಂದು ಉಸುಕಿನ ಕಾಳು ಸಾಕು. ನನ್ನಾವು ಮೂರೂ ಅರವಿಗೆ ಮೂಲಿಗೆ ಕೆಂಪು ದಾರಾ ಹೊಲದಿಟ್ಟೀನಿ, ಇಲ್ಲಾಂದ್ರ ಮನ್ಯಾಗ ಯಾರರೆ ಗ್ಯಾಸ್ ಕಟ್ಟಿ ಒರಸಿಬಿಡತಾರ. ಬಾಟ್ಲ್ಯಾಗ ಉಳದದ್ದು ಸ್ಕೂಟಿಗೂ ಹಚ್ಚಬಹುದು, ಬಣ್ಣದ ಭಾಗಕ್ಕ ಅಷ್ಟ. ಸೀಟಿಗೆ ಹಚ್ಚಬ್ಯಾಡ್ರಿ, ಇಳಕಲ್ಲ ಸೀರಿ ಉಟ್ಟು ಹಿಂದ ಕುಂತವರು ಮೊದಲನೇ ಬ್ರೇಕಿಗೆ ಮುಂದಿನವರ ಬೆನ್ನ ಮ್ಯಾಲ ಬರತಾರ.